ಹಳೆಯ ಫೋರ್ಡಿನ ಯಂತ್ರ

ಅಮೆರಿಕದ ಫೋರ್ಡ್ ಕಂಪನಿಯವರು 1908ರಿಂದ 1927ರವರೆಗೆ ನಿರ್ಮಿಸಿದ ಟಿ ಮಾದರಿಯ ಮೋಟಾರಿನ ಯಂತ್ರವು ಗಾತ್ರದಲ್ಲಿ 2.9 ಲೀಟರು, ಶಕ್ತಿಯಾದರೋ ಕೇವಲ 20 ಕುದುರೆಗಳದು. ಇದನ್ನು ಕೇಳಿ ನಗುವವರುಂಟು. ಆದರೆ ಅದರ ದೀರ್ಘಾಯುಸ್ಸಿನ ಗುಟ್ಟು ಈ ಅಲ್ಪಶಕ್ತಿಯಲ್ಲಿಯೇ ಅಡಗಿದೆಯೆಂದು ನಾವು ತಿಳಿದಿದ್ದೇವೆ. ಸಿಲಿಂಡರಿನೊಳಗಣ ಒತ್ತಡವು ಕಡಮೆಯಾದುದರಿಂದ ಕೀಳು ದರ್ಜೆಯ ಪೆಟ್ರೋಲೂ ಅದಕ್ಕೆ ಒಗ್ಗುತ್ತದೆ. ಎಣ್ಣೆಗೆ ಪಂಪಿಲ್ಲ, ತಿರುಗುವ ಭಾಗಗಳು ಎರಚಿದ ಎಣ್ಣೆಯೇ ಗತಿ. ಇಲ್ಲದ ಪಂಪು ಕೆಡುವುದೆಂತು? ಪೆಟ್ರೋಲು ಸಹ ತನ್ನ ಭಾರದಿಂದಲೇ ಇಳಿದುಬರುತ್ತಿದ್ದಿತಾಗಿ, ಟ್ಯಾಂಕು ಬರಿದಾಗುತ್ತ ಬಂದಾಗ ಕಡಿದಾದ ದಿಣ್ಣೆಯನ್ನು ಹಿಮ್ಮುಖವಾಗಿ ಏರಬೇಕಾಗುತ್ತಿದ್ದಿತು!

ಸಿಲಿಂಡರುಗಳ ಮೇಲಣ ಮುಚ್ಚಳವನ್ನು ಕಳಚಬಹುದಾದುದರಿಂದ, ಈಗಿನ ಅಭಿಮಾನಿಗಳು ಹೆಚ್ಚಿನ ಒತ್ತಡ ಕೊಡುವ ಹೊಸ ಮುಚ್ಚಳವನ್ನು ಕೂಡಿಸುವುದುಂಟು. ಬೋಲ್ಟುಗಳೇನೋ ಸರಿಯಾಗಿ ಕೂರುತ್ತವೆ. ಆದರೆ ಮೂರೇ ಬೇರಿಂಗುಗಳ ಆಧಾರದಲ್ಲಿ ನಿಂತ ಸಣಕಲು ಕ್ರ್ಯಾಂಕುದಂಡವು ಆ ಹೊಡೆತವನ್ನು ತಾಳಲಾರದೆ ಮುರಿಯಬಹುದು. ವೇಗವೇ ಬೇಕೆನ್ನುವವರು ಮೊದಲು ಆ ದಂಡವನ್ನು ಬದಲಾಯಿಸಲಿ.