ಬಿಟ್ಟ ಸಾಲಿನಿಂದ ಮುಂದಕ್ಕೆ

ಮುಂಗಾರಿನ ಮೊದಲ ಮಳೆಗೆ ಎರೆಯ ಭೂಮಿ ಹದಗೊಂಡಿರುತ್ತದೆ. ಬೆಳೆಸಾಲಕ್ಕೆ ಅರ್ಜಿ ಹಾಕಬೇಕೆಂದು ನವಲಗುಂದದ ರೈತನೊಬ್ಬನು ತನ್ನ ಹೊಲದ ಉತಾರವನ್ನು ಪಡೆಯಲು ಕಚೇರಿಗೆ ಬರುತ್ತಾನೆ. ಅದೇ ಹೊತ್ತಿಗೆ ಕುಂದಗೋಳದಲ್ಲಿ ಮೆಣಸಿನಕಾಯಿ ಬೆಳೆಯುವವನೊಬ್ಬನು, ಕಲಘಟಗಿಯಲ್ಲಿ ಭತ್ತದ ಗದ್ದೆಯುಳ್ಳವನೊಬ್ಬನು, ಅಣ್ಣಿಗೇರಿಯಲ್ಲಿ ಕಡಲೆ ಬೆಳೆಯುವ ಹೆಣ್ಣುಮಗಳೊಬ್ಬಳು ಇಂತಹುದೇ ಕಾಗದಕ್ಕಾಗಿ ಸರದಿಯಲ್ಲಿ ನಿಂತಿರಬಹುದು. ಸ್ವಲ್ಪ ಹೊತ್ತಿನಲ್ಲಿಯೇ ಅವರವರ ಉತಾರ ಅವರವರ ಕೈಸೇರುತ್ತದೆ. ಒಬ್ಬರ ಸರ್ವೆ ನಂಬರು ಇನ್ನೊಬ್ಬರ ಕಾಗದದಲ್ಲಿ ಮೂಡಿತೆಂದರೆ ಆಗುವ ಅನರ್ಥ ಸಣ್ಣದಲ್ಲ. ಅಂತಹ ಗೊಂದಲವಾಗದಂತೆ ಗಣಕಯಂತ್ರವು ಏಕಕಾಲದಲ್ಲಿ ಹಲವರ ಕೆಲಸವನ್ನು ನಿರ್ವಹಿಸುವುದಾದರೂ ಹೇಗೆ?

ಹಿಂದೆ ಉತಾರವನ್ನು ತಲಾಠಿಯು ತನ್ನ ದಫ್ತರವನ್ನು ಬಿಚ್ಚಿ ಕೈಬರಹದಲ್ಲಿ ನಕಲು ಮಾಡಿ ಕೊಡುತ್ತಿದ್ದನು. ಈ ಶತಮಾನದ ಆರಂಭದ ವರ್ಷಗಳಲ್ಲಿ ಕರ್ನಾಟಕ ಸರಕಾರದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಮೊದಮೊದಲು ಈ ದಾಖಲೆಗಳು ಆಯಾ ತಾಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದವು. ಮುಂದೆ ಅವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿದವು. ದತ್ತಾಂಶ ಕೇಂದ್ರವೆಂದರೆ ಹಗಲಿರುಳೂ ದುಡಿಯುವ ದೊಡ್ಡ ಗಣಕಯಂತ್ರಗಳ ಮನೆ.

ಇಂತಹ ಕೇಂದ್ರಗಳಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಯಂತ್ರವನ್ನು ಮೀಸಲಿಟ್ಟರೆ ಹಣವೂ ವಿದ್ಯುತ್ತೂ ವ್ಯರ್ಥವಾಗುತ್ತವೆ. ಏಕೆಂದರೆ ಯಾವ ಯಂತ್ರಕ್ಕೂ ಎಲ್ಲ ಹೊತ್ತಿನಲ್ಲಿಯೂ ಕೈತುಂಬ ಕೆಲಸವಿರುವುದಿಲ್ಲ. ಆದುದರಿಂದ ಒಂದೇ ನಿಜಯಂತ್ರದಲ್ಲಿ ಹಲವು ಕಲ್ಪಿತ ಯಂತ್ರಗಳನ್ನು ನೆಲೆಗೊಳಿಸುವ ಉಪಾಯವನ್ನು ತಜ್ಞರು ಕಂಡುಹಿಡಿದರು. ಇವನ್ನು ವರ್ಚುವಲ್ ಮಷೀನುಗಳೆಂದು ಕರೆಯುವರು. ಪ್ರತಿಯೊಂದು ಕಲ್ಪಿತ ಯಂತ್ರವೂ ಇಡೀ ಗಣಕವು ತನ್ನೊಂದರದೇ ಎಂಬಂತೆ ನಡೆದುಕೊಳ್ಳುತ್ತದೆ. ಇವೆಲ್ಲವುಗಳ ಸರದಿಯನ್ನು ಗೊತ್ತುಮಾಡುವ ಮೇಲ್ವಿಚಾರಕ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು.

ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗವು ಪ್ರೊಸೆಸರ್. ಅದರೊಳಗೆ ಅಂಕಿಗಳನ್ನು ಕ್ಷಣಕಾಲ ಹಿಡಿದಿಡುವ ಕೆಲವೇ ಕೆಲವು ಪುಟ್ಟ ಮನೆಗಳಿವೆ. ಇವೇ ರಿಜಿಸ್ಟರುಗಳು. ಕಚೇರಿಗಳಲ್ಲಿ ರಿಜಿಸ್ಟರೆಂದರೆ ದಪ್ಪ ರಟ್ಟಿನ ದೊಡ್ಡ ಪುಸ್ತಕವೆಂದು ಅರ್ಥ. ಆದರೆ ಪ್ರೊಸೆಸರಿನ ರಿಜಿಸ್ಟರಿನಲ್ಲಿ ಸಾಮಾನ್ಯವಾಗಿ ಒಂದು ಸಂಖ್ಯೆ ಮಾತ್ರ ಹಿಡಿಯುತ್ತದೆ. ಇಂದು ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ಪ್ರೊಸೆಸರಿನಲ್ಲಿ 64 ಬಿಟ್ ಅಗಲದ 16 ಸಾಮಾನ್ಯ ರಿಜಿಸ್ಟರುಗಳಿರುತ್ತವೆ. ಮುಂದೆ ಪಾಲಿಸಬೇಕಾದ ಆಜ್ಞೆಯು ಎಲ್ಲಿದೆಯೆಂಬುದನ್ನು ತೋರಿಸಲು ಬೇರೆಯೇ ಒಂದು ರಿಜಿಸ್ಟರ್ ಉಂಟು. ದಶಮಾಂಶ ಸಂಖ್ಯೆಗಳ ಲೆಕ್ಕಕ್ಕಾಗಿ ಇನ್ನೂ ಕೆಲವು ಅಗಲವಾದ ರಿಜಿಸ್ಟರುಗಳಿವೆ. ಉಳಿದ ಅಪಾರ ಮಾಹಿತಿಯೆಲ್ಲವೂ ಹೊರಗಿನ ಸ್ಮೃತಿಕೋಶದಲ್ಲಿ, ಎಂದರೆ ಮೆಮೊರಿಯಲ್ಲಿ, ಇರುತ್ತದೆ.

ಈ ವ್ಯವಸ್ಥೆಯನ್ನು ತಿಳಿಯಲು ಮತ್ತೆ ಆ ಹಳೆಯ ತಲಾಠಿಯ ಮೇಜಿನ ಬಳಿಗೆ ಹೋಗಬಹುದು. ಅವನಿಗೆ ಎರಡು ಊರುಗಳ ಲೆಕ್ಕ ಒಪ್ಪಿಸಲಾಗಿದೆಯೆಂದು ಭಾವಿಸೋಣ. ದಫ್ತರಗಳೆಲ್ಲ ಕಪಾಟಿನಲ್ಲಿವೆ, ಮೇಜಿನ ಮೇಲೆ ಒಂದು ಚೀಟಿ ಮಾತ್ರ ಇದೆ. ಅವನು ಮೊದಲನೆಯ ಊರಿನ ಕಂದಾಯವನ್ನು ಕೂಡಿಸುತ್ತ 18ನೆಯ ಸಾಲಿಗೆ ಬಂದಿದ್ದಾನೆ. ಅಲ್ಲಿಯವರೆಗಿನ ಮೊತ್ತ 347 ರೂಪಾಯಿ ಎಂದು ಚೀಟಿಯಲ್ಲಿದೆ. ಅಷ್ಟರಲ್ಲಿ ಎರಡನೆಯ ಊರಿನವರು ತುರ್ತು ಕೆಲಸದ ಮೇಲೆ ಬರುತ್ತಾರೆ. ಆಗ ಅವನು 'ಸಾಲು 18, ಮೊತ್ತ 347' ಎಂಬ ಚೀಟಿಯನ್ನು ಮೊದಲನೆಯ ಊರಿನ ದಫ್ತರದೊಳಗೆ ಇಟ್ಟು, ಎರಡನೆಯ ಊರಿನ ದಫ್ತರದೊಳಗಿರುವ ಹಿಂದಿನ ಚೀಟಿಯನ್ನು ಹೊರತೆಗೆಯಬೇಕು. ಹಾಗೆ ಮಾಡದೆ ಇದ್ದ ಚೀಟಿಯ ಮೇಲೆಯೇ ಬರೆಯತೊಡಗಿದರೆ ಒಂದೂರಿನ ಕಂದಾಯವು ಇನ್ನೊಂದೂರಿನ ತಲೆಗೆ ಬೀಳುವುದು. ಮೊತ್ತವನ್ನು ಬರೆದು ಸಾಲನ್ನು ಬರೆಯಲು ಮರೆತರೂ ಕೇಡು ತಪ್ಪದು. ಕೆಲವು ಸಾಲುಗಳು ಎರಡು ಸಲ ಸೇರಬಹುದು, ಕೆಲವು ಬಿಟ್ಟೇಹೋಗಬಹುದು.

ಮೇಜಿನ ಮೇಲಿನ ಚೀಟಿಯಂತೆ ಪ್ರೊಸೆಸರಿನ ರಿಜಿಸ್ಟರುಗಳು; ಕಪಾಟಿನ ದಫ್ತರಗಳಂತೆ ಸ್ಮೃತಿಕೋಶ. ಒಂದು ಕಲ್ಪಿತ ಯಂತ್ರದ ಸರದಿ ಮುಗಿದೊಡನೆ ಹೈಪರ್‌ವೈಸರ್ ಅದರ ರಿಜಿಸ್ಟರುಗಳಲ್ಲಿರುವ ಪ್ರತಿಯೊಂದು ಅಂಕಿಯನ್ನೂ ಆ ಯಂತ್ರದ ಹೆಸರಿನಲ್ಲಿ ಸ್ಮೃತಿಕೋಶದ ಗೊತ್ತಾದ ಸ್ಥಳದಲ್ಲಿ ಬರೆದಿಡುತ್ತದೆ. ಅನಂತರ ಮುಂದಿನ ಯಂತ್ರವು ಹಿಂದೆ ಬಿಟ್ಟುಹೋಗಿದ್ದ ಅಂಕಿಗಳನ್ನು ತಂದು ರಿಜಿಸ್ಟರುಗಳಲ್ಲಿ ತುಂಬುತ್ತದೆ. ಕಡೆಗೆ ಮುಂದಿನ ಆಜ್ಞೆಯ ಸ್ಥಾನವನ್ನು ತೋರಿಸುವ ರಿಜಿಸ್ಟರ್ ಸರಿಯಾಗುತ್ತಲೇ ಕೆಲಸವು ಬಿಟ್ಟ ಸಾಲಿನಿಂದ ಮುಂದುವರಿಯುತ್ತದೆ. ತಾನು ನಡುವೆ ನಿಂತಿದ್ದೆನೆಂಬುದು ಈ ಅಂಕಿಗಳಿಂದ ಆ ಕಲ್ಪಿತ ಯಂತ್ರಕ್ಕೆ ತಿಳಿಯುವುದೇ ಇಲ್ಲ. ಸ್ಮೃತಿಕೋಶದಲ್ಲಿರುವ ರಾಶಿ ಮಾಹಿತಿಯನ್ನು ಸ್ಥಳಾಂತರಿಸುವ ಅಗತ್ಯವೂ ಇಲ್ಲ. ಯಾವ ಕಪಾಟಿನ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಬದಲಿಸಿದರೆ ಸಾಕು. ಈ ಅದಲುಬದಲು ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಬೇಗ ಮುಗಿಯುತ್ತದೆ.

ಇಲ್ಲಿ ಒಂದು ತೊಡಕುಂಟು. ಹೈಪರ್‌ವೈಸರ್ ಕೂಡ ಒಂದು ತಂತ್ರಾಂಶವೇ. ಅದಕ್ಕೂ ಕೆಲಸ ಮಾಡಲು ರಿಜಿಸ್ಟರುಗಳೇ ಬೇಕು. ಅಂಕಿಗಳನ್ನು ಬರೆದಿಡಲು ಹೊರಟಾಗಲೇ ಅದು ಆ ಅಂಕಿಗಳನ್ನು ಅಳಿಸಿಹಾಕಿದರೆ ಗತಿಯೇನು? ಇದನ್ನು ತಪ್ಪಿಸಲು ಪ್ರೊಸೆಸರಿನ ನಿರ್ಮಾಪಕರು ಮೊದಲ ಹೆಜ್ಜೆಯನ್ನು ಯಂತ್ರಕ್ಕೇ ವಹಿಸಿದ್ದಾರೆ. 2005ರಲ್ಲಿ ಇಂಟೆಲ್ ಸಂಸ್ಥೆಯೂ 2006ರಲ್ಲಿ ಎಎಂಡಿ ಸಂಸ್ಥೆಯೂ ತಮ್ಮ ಪ್ರೊಸೆಸರುಗಳಲ್ಲಿ ಕಲ್ಪಿತ ಯಂತ್ರಗಳಿಗೆಂದೇ ವಿಶೇಷ ಸೌಕರ್ಯವನ್ನು ಒದಗಿಸಿದವು. ಇಂಟೆಲ್ ಪದ್ಧತಿಯಲ್ಲಿ, ಮುಂದಿನ ಆಜ್ಞೆಯ ಸ್ಥಾನವೇ ಮೊದಲಾದ ಮುಖ್ಯ ಅಂಕಿಗಳನ್ನು ಪ್ರೊಸೆಸರ್ ತಾನಾಗಿಯೇ ಬರೆದಿಟ್ಟು, ಹೈಪರ್‌ವೈಸರಿಗೆ ಕಾಲೂರಲು ಎಡೆಮಾಡಿಕೊಡುತ್ತದೆ. ಸಾಮಾನ್ಯ ರಿಜಿಸ್ಟರುಗಳಲ್ಲಿ ಹೆಚ್ಚಿನವನ್ನು ಅನಂತರ ಹೈಪರ್‌ವೈಸರ್ ಒಂದೊಂದಾಗಿ ಬರೆದಿಡಬೇಕು. ಒಂದನ್ನು ಮರೆತರೂ ಹಿಂದಿರುಗಿ ಬಂದ ಯಂತ್ರಕ್ಕೆ ತನ್ನದಲ್ಲದ ಅಂಕಿಯೊಂದು ಸಿಗುವುದು. ತಪ್ಪು ಎಲ್ಲಿ ಹುಟ್ಟಿತೆಂಬುದನ್ನು ಆಮೇಲೆ ಪತ್ತೆಹಚ್ಚುವುದು ಬಲು ಕಷ್ಟ.

ಈ ವಿದ್ಯೆ ಹೊಸದೇನೂ ಅಲ್ಲ. ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಸಂಸ್ಥೆಯ ವಿಜ್ಞಾನ ಕೇಂದ್ರದಲ್ಲಿ 1967ರಲ್ಲಿ ಬಳಕೆಗೆ ಬಂದ ಸಿಪಿ-40 ಎಂಬ ವ್ಯವಸ್ಥೆಯು ಒಂದೇ ಗಣಕದಲ್ಲಿ 14 ಕಲ್ಪಿತ ಯಂತ್ರಗಳನ್ನು ನಡೆಸಿತು. ಆ ಗಣಕಕ್ಕೆ 32 ಬಿಟ್ ಅಗಲದ 16 ಸಾಮಾನ್ಯ ರಿಜಿಸ್ಟರುಗಳಿದ್ದವು. 1972ರಲ್ಲಿ ಅದೇ ಸಂಸ್ಥೆಯು ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. 1974ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಕಲ್ಪಿತ ಯಂತ್ರವು ಪಾಲಿಸಬೇಕಾದ ನಿಯಮಗಳನ್ನು ನಿರೂಪಿಸಿದರು. ನಿಜಯಂತ್ರದಲ್ಲಿ ನಡೆಯುವಂತೆಯೇ ಅದರಲ್ಲಿಯೂ ಕೆಲಸ ನಡೆಯಬೇಕು. ಯಂತ್ರದ ಸಂಪತ್ತೆಲ್ಲವೂ ಮೇಲ್ವಿಚಾರಕನ ಹತೋಟಿಯಲ್ಲಿರಬೇಕು. ಕೆಲಸದ ವೇಗವು ಬಹಳವಾಗಿ ಕುಗ್ಗಬಾರದು. ಇವು ಆ ನಿಯಮಗಳ ಸಾರ.

ಈ ಮೂರನೆಯ ನಿಯಮದ, ಎಂದರೆ ವೇಗದ, ಆಸೆಯೇ ಮುಂದೊಮ್ಮೆ ಅಪಾಯಕ್ಕೆ ದಾರಿಯಾಯಿತು. ದಶಮಾಂಶ ಲೆಕ್ಕದ ಅಗಲವಾದ ರಿಜಿಸ್ಟರುಗಳನ್ನು ಪ್ರತಿ ಸಲವೂ ಬರೆದಿಟ್ಟು ತುಂಬುವುದು ಹೊರೆಯೆಂದು ಬಗೆದು, ಕೆಲವು ವ್ಯವಸ್ಥೆಗಳಲ್ಲಿ ಅವನ್ನು ಇದ್ದಂತೆಯೇ ಬಿಡುತ್ತಿದ್ದರು. ಹೊಸದಾಗಿ ಬಂದವನು ಅವನ್ನು ಮುಟ್ಟಹೋದರೆ ಮಾತ್ರ ಪ್ರೊಸೆಸರ್ ತಡೆದು ಎಚ್ಚರಿಸುವುದು. ಆಗ ಬದಲಾಯಿಸಿದರಾಯಿತು ಎಂಬುದು ಎಣಿಕೆ. ಮುಟ್ಟದಿದ್ದರೆ ಅಷ್ಟು ಶ್ರಮ ಉಳಿಯಿತು! ಆದರೆ ವೇಗಕ್ಕಾಗಿ ಆಧುನಿಕ ಪ್ರೊಸೆಸರುಗಳು ಮುಂದಿನ ಕೆಲಸವನ್ನು ಊಹಿಸಿ ಮುಂಚಿತವಾಗಿಯೇ ಮಾಡತೊಡಗುತ್ತವೆ. ತಡೆಯು ಬರುವ ಮೊದಲೇ ಹಳೆಯ ಅಂಕಿಗಳನ್ನು ಹೀಗೆ ಬಳಸಿಕೊಂಡು, ಅವುಗಳ ಸುಳಿವನ್ನು ಹೊರಗೆ ಬಿಡುವ ಸಾಧ್ಯತೆ ಕೆಲವು ಇಂಟೆಲ್ ಪ್ರೊಸೆಸರುಗಳಲ್ಲಿ ಇದೆಯೆಂದು 2018ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಗುಪ್ತಲಿಪಿಯ ರಹಸ್ಯ ಕೀಲಿಗಳು ಎಷ್ಟೋ ವೇಳೆ ಇದೇ ಅಗಲವಾದ ರಿಜಿಸ್ಟರುಗಳಲ್ಲಿ ಇರುತ್ತವೆ. ಬ್ಯಾಂಕಿನ ಖಾತೆಯನ್ನೂ ಸರಕಾರದ ದಾಖಲೆಯನ್ನೂ ಕಾಯುವವು ಇಂತಹ ಕೀಲಿಗಳೇ. ಒಬ್ಬನು ಮೇಜಿನ ಮೇಲೆ ಬಿಟ್ಟುಹೋದ ಚೀಟಿಯನ್ನು ಮುಂದೆ ಬಂದವನು ಓರೆಗಣ್ಣಿನಿಂದ ಓದಿದಂತೆಯೇ ಇದು.

ಪರಿಹಾರವು ಸರಳವಾಗಿತ್ತು. ಬೇಕಿರಲಿ, ಬೇಡದಿರಲಿ, ಪ್ರತಿಯೊಂದು ಬದಲಾವಣೆಯಲ್ಲಿಯೂ ಆ ರಿಜಿಸ್ಟರುಗಳೆಲ್ಲವನ್ನೂ ಬರೆದಿಟ್ಟು ಹೊಸದಾಗಿ ತುಂಬಬೇಕು. ಹಲವು ವ್ಯವಸ್ಥೆಗಳು ಅದಕ್ಕೆ ಮೊದಲೇ ಈ ಕ್ರಮವನ್ನು ಹಿಡಿದಿದ್ದವು, ಉಳಿದವೂ ಹಿಡಿದವು. ಹೊಸ ಪ್ರೊಸೆಸರುಗಳಲ್ಲಿ ಈ ಕೆಲಸಕ್ಕೆ ತಗಲುವ ಕಾಲವೂ ಅಲ್ಪವೇ ಎಂಬುದು ಕಂಡುಬಂದಿತ್ತು. ಉಳಿಸಿದ ಶ್ರಮವು ಅಲ್ಪ, ಎದುರಿಸಿದ ಅಪಾಯವು ಅಧಿಕ ಎಂಬಂತಾಯಿತು.

ಒಂದು ಯಂತ್ರವು ಹಲವು ಯಂತ್ರಗಳಾಗಿ ತೋರುವುದು ಮಾಯೆಯಂತೆ ಕಾಣಬಹುದು. ಆದರೆ ಅದರ ಹಿಂದಿರುವುದು ಮಾಯೆಯಲ್ಲ, ಶಿಸ್ತು. ಏಳುವಾಗ ತನ್ನದೆಲ್ಲವನ್ನೂ ತಪ್ಪದೆ ಎತ್ತಿಡಬೇಕು; ಮುಂದೆ ಬರುವವನಿಗೆ ತನ್ನ ಗುಟ್ಟಿನ ಗುರುತನ್ನೂ ಉಳಿಸಬಾರದು; ಮರಳಿ ಕುಳಿತಾಗ ಬಿಟ್ಟ ಸಾಲಿನಿಂದಲೇ ತೊಡಗಬೇಕು. ಒಳ್ಳೆಯ ತಲಾಠಿಯು ತನ್ನ ಮೇಜಿನ ಮೇಲೆ ಪಾಲಿಸುತ್ತಿದ್ದ ಈ ನಿಯಮವನ್ನೇ ಪ್ರೊಸೆಸರು ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ಪಾಲಿಸುತ್ತದೆ. ಅಣ್ಣಿಗೇರಿಯ ಆ ಹೆಣ್ಣುಮಗಳು ತನ್ನ ಉತಾರವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುವಾಗ ಈ ಸಂಗತಿ ಅವಳಿಗೆ ತಿಳಿದಿರಬೇಕಾಗಿಲ್ಲ. ತನ್ನ ಹೊಲವು ತನ್ನ ಹೆಸರಿನಲ್ಲಿಯೇ ಇದೆಯೆಂಬುದಷ್ಟೇ ಅವಳಿಗೆ ಮುಖ್ಯ. ಅವಳ ಆ ನೆಮ್ಮದಿಯನ್ನು ಕಾಯುವ ಹಲವು ಕಾವಲುಗಳಲ್ಲಿ ಈ ಪುಟ್ಟ ಅಂಕಿಗಳ ಪ್ರಾಮಾಣಿಕ ಲೆಕ್ಕವೂ ಒಂದಾಗಿದೆ.