ಹಡಗಿನ ಟಿಕೆಟ್ಟು: ಈಗಲೇ ತೆಗೆಯಬೇಕೇ, ಕಾಯಬೇಕೇ?

ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಬೀದಿಗೊಂದು ಸಿಗುತ್ತವೆ. ಬಾಣಂತನಕ್ಕೆಂದು ಮೆಣಸು, ಚಟ್ನಿಪುಡಿ ಕಟ್ಟಿಕೊಂಡು ವಿಮಾನ ಹತ್ತಿ ಹೋಗಿಬಂದ ಅಜ್ಜಿಯರನ್ನು ನೀವೂ ಬಲ್ಲಿರಿ. ಆದರೆ ಅಮೆರಿಕದಿಂದ ಇಂಗ್ಲೆಂಡಿಗೆ ಅಟ್ಲಾಂಟಿಕ್ ಸಾಗರವನ್ನು ಹಡಗಿನಲ್ಲೇ ದಾಟಬಹುದು, ಲೆಕ್ಕ ಹಾಕಿ ಟಿಕೆಟ್ ತೆಗೆದರೆ ಸಂಬಳದ ಮೇಲೆ ಬದುಕುವ ಕುಟುಂಬವೂ ದಾಟಬಹುದು ಎಂಬುದು ನಿಮಗೆ ಗೊತ್ತೇ?

ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಅಮ್ಮನಿಗೆ 72 ವರ್ಷ. ಮೇ ತಿಂಗಳಲ್ಲಿ ಅಮ್ಮ ತಂಗಿಯ ಮನೆಗೆ ಹೋಗುವುದು, ಜುಲೈಯಲ್ಲಿ ತಂಗಿ, ಅವಳ ಯಜಮಾನರು, ಇಬ್ಬರು ಮಕ್ಕಳ ಜೊತೆ ಹಡಗು ಹತ್ತಿ ತಮ್ಮನ ಊರು ಸೇರುವುದು, ಅಲ್ಲಿಂದ ಲಂಡನ್ ವಿಮಾನದಲ್ಲಿ ಬೆಂಗಳೂರಿಗೆ ಬರುವುದು, ಇದು ಏರ್ಪಾಡು. ತಂಗಿ ಕೆಲಸಕ್ಕೆ ಹೋಗುವವಳು. ಅಮ್ಮ ಎರಡು ಸಲ ಹೋಗಿದ್ದರೂ ಅವರೊಂದಿಗೆ ಒಂದು ಇಡೀ ದಿನ ಕೂತು ಮಾತಾಡಿದ್ದಿಲ್ಲವಂತೆ. "ಏಳು ದಿನ ಅಡುಗೆ ಇಲ್ಲ, ಆಫೀಸಿಲ್ಲ, ಅಮ್ಮ ನನ್ನ ಪಕ್ಕದಲ್ಲೇ ಇರ್ತಾರೆ ಅಕ್ಕ" ಅಂತ ಅವಳು ಹೇಳಿದಾಗ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಹಣ ಮೂರು ವರ್ಷ ತಿಂಗಳು ತಿಂಗಳು ತೆಗೆದಿಟ್ಟದ್ದು. ಆದ್ದರಿಂದ ಫೋನಿನಲ್ಲಿ ನಮ್ಮಿಬ್ಬರ ಮಾತೆಲ್ಲ ಒಂದೇ ಆಯಿತು. ಟಿಕೆಟ್ ಯಾವಾಗ ತೆಗೆದರೆ ಅಗ್ಗ?

ಮೊದಲು ಹಡಗಿನ ವಿಷಯ ಹೇಳುತ್ತೇನೆ. ಒಂದು ಕಾಲಕ್ಕೆ ಆ ಸಾಗರ ದಾಟಲು ಹಡಗು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. 1958ರಲ್ಲಿ ಜೆಟ್ ವಿಮಾನಗಳು ಓಡಾಡತೊಡಗಿದ ಮೇಲೆ ಹಡಗುಗಳು ಒಂದೊಂದಾಗಿ ನಿಂತವು. ಈಗ ನ್ಯೂಯಾರ್ಕಿಗೂ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿಗೂ ನಡುವೆ ಬಸ್ಸಿನಂತೆ ಹೋಗಿಬರುವುದು ಕ್ಯೂನಾರ್ಡ್ ಕಂಪನಿಯ 'ಕ್ವೀನ್ ಮೇರಿ 2' ಒಂದೇ. ಇದು 2004ರಿಂದ ಓಡುತ್ತಿದೆ. ಸಾಮಾನ್ಯವಾಗಿ 7 ರಾತ್ರಿಯ ಪಯಣ. (ಟೈಟಾನಿಕ್ 1912ರಲ್ಲಿ ಹೊರಟದ್ದೂ ಅದೇ ಸೌತಾಂಪ್ಟನ್‌ನಿಂದ. ಇದನ್ನು ಅಮ್ಮನಿಗೆ ಯಾರೂ ಹೇಳಬೇಡಿ ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ.)

ಎರಡನೆಯ ಬಗೆ, ಜಾಗ ಬದಲಿಸುವ ಹಡಗುಗಳು. ಚಳಿಗಾಲವೆಲ್ಲ ಅಮೆರಿಕದ ಕೆಳಗಿನ ಕೆರಿಬಿಯನ್ ದ್ವೀಪಗಳನ್ನು ಸುತ್ತುವ ಪ್ರವಾಸಿ ಹಡಗುಗಳು ಬೇಸಿಗೆಗೆ ಯೂರೋಪಿನ ಮೆಡಿಟರೇನಿಯನ್ ಸಮುದ್ರಕ್ಕೆ ಬರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಆ ಕಡೆಯಿಂದ ಈ ಕಡೆಗೆ, ಅಕ್ಟೋಬರ್-ನವೆಂಬರಿನಲ್ಲಿ ಈ ಕಡೆಯಿಂದ ಆ ಕಡೆಗೆ. ಲೋಡು ಇಳಿಸಿ ಖಾಲಿ ಮರಳುವ ಲಾರಿಯವನು ಸಿಕ್ಕಷ್ಟು ದುಡ್ಡಿಗೆ ಸಾಮಾನು ಹೇರಿಕೊಳ್ಳುತ್ತಾನಲ್ಲ, ಹಾಗೆಯೇ ಇವರೂ ಅಗ್ಗದಲ್ಲಿ ಜನರನ್ನು ಹತ್ತಿಸಿಕೊಳ್ಳುತ್ತಾರೆ. ಮಯಾಮಿಯಿಂದ ಬಾರ್ಸಿಲೋನಾಕ್ಕೆ ಹೀಗೆ ಸುಮಾರು ಎರಡು ವಾರ ಹಿಡಿಯುತ್ತದೆ. ಒಂದು ರಾತ್ರಿಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಇದಕ್ಕಿಂತ ಸೋವಿ ಸಮುದ್ರಯಾನ ಸಿಗುವುದು ಕಷ್ಟ. ಆದರೆ ಅಮೆರಿಕದ ಶಾಲೆಗಳಿಗೆ ರಜೆ ಜೂನಿನಿಂದ ಆಗಸ್ಟಿನವರೆಗೆ. ಹೀಗಾಗಿ ತಂಗಿಯಂಥವರಿಗೆ ಈ ಅಗ್ಗದ ಹಡಗು ಕಣ್ಣಿಗೆ ಕಾಣುತ್ತದೆಯೇ ಹೊರತು ಕೈಗೆ ಬಾರದು.

ಹಡಗಿನ ದರ ರೈಲಿನ ದರದ ಹಾಗೆ ಬೋರ್ಡಿನ ಮೇಲೆ ಬರೆದಿಟ್ಟದ್ದಲ್ಲ. ದಿನಕ್ಕೊಂದು ರೀತಿ ಏರುತ್ತದೆ, ಇಳಿಯುತ್ತದೆ. ಹೊರಟ ಹಡಗಿನ ಖಾಲಿ ಕೋಣೆಗೆ ಬೆಲೆಯೇ ಇಲ್ಲವಷ್ಟೆ? ಆದ್ದರಿಂದ ಹೊರಡುವ ದಿನ ಹತ್ತಿರ ಬಂದಾಗ ಮಿಕ್ಕಿದ ಕೋಣೆಗಳನ್ನು ಇಳಿಸಿದ ದರಕ್ಕೆ ಕೊಡುವುದುಂಟು. ಇದನ್ನು ಕೇಳಿಯೇ ತಂಗಿಯ ಯಜಮಾನರು "ಕಾಯೋಣ, ಕೊನೆಗೆ ಅರ್ಧಕ್ಕೆ ಸಿಗುತ್ತದೆ" ಎಂದು ಹಟ ಹಿಡಿದಿದ್ದರು. ಅವರ ಆಫೀಸಿನಲ್ಲಿ ಯಾರೋ ಹಾಗೆ ಹೋಗಿಬಂದಿದ್ದರಂತೆ.

ನಾನು ಕೇಳಿದೆ, ಆ ಹೋಗಿಬಂದವರು ಎಷ್ಟು ಜನ? ಗಂಡ ಹೆಂಡತಿ ಇಬ್ಬರೇ, ನಿವೃತ್ತರು.

ನಮ್ಮ ಊರಿನ ಸಂತೆಯನ್ನೇ ನೋಡಿ. ಕತ್ತಲಾಗುವ ಹೊತ್ತಿಗೆ ಹೋದರೆ ಬದನೆಕಾಯಿ ಅರ್ಧ ಬೆಲೆಗೆ ಸಿಗುತ್ತದೆ, ನಿಜ. ಇಬ್ಬರ ಮನೆಗೆ ಅದು ಸಾಕು. ಮನೆಯಲ್ಲಿ ಮದುವೆಯಿದ್ದವರು ಕತ್ತಲಾಗುವ ತನಕ ಕಾಯುತ್ತಾರೆಯೇ?

ಹಡಗಿನಲ್ಲಿ ಬಹುಪಾಲು ಕೋಣೆಗಳು ಇಬ್ಬರಿಗೆಂದೇ ಇರುವುದು. ದರವನ್ನೂ ಇಬ್ಬರು ಇರುತ್ತಾರೆಂದೇ ತಲೆಗೆ ಇಷ್ಟೆಂದು ಹೇಳುತ್ತಾರೆ. ಮೂರನೆಯವರು, ನಾಲ್ಕನೆಯವರು ಅದೇ ಕೋಣೆಯಲ್ಲಿದ್ದರೆ ಅವರಿಗೆ ಸಾಮಾನ್ಯವಾಗಿ ಕಡಿಮೆ ದರ. ಗೋಡೆಯಿಂದ ಇಳಿಸುವ ಮಂಚ, ಸೋಫಾ ಮಂಚ ಇರುವ ಇಂಥ ಕೋಣೆಗಳು ಇರುವುದೇ ಸ್ವಲ್ಪ. ಇನ್ನೊಂದು ಸಂಗತಿ ನನಗೂ ಹೊಸದು. ಪ್ರಾಣರಕ್ಷಣೆಯ ದೋಣಿಗಳಲ್ಲಿ ಎಷ್ಟು ಜನಕ್ಕೆ ಜಾಗವೋ ಅಷ್ಟೇ ಜನರನ್ನು ಹತ್ತಿಸಬೇಕು. ಹಡಗಿನ ಆ ಭಾಗದ ದೋಣಿಯ ಲೆಕ್ಕ ತುಂಬಿತೆಂದರೆ, ಕೋಣೆಯಲ್ಲಿ ಮೂರನೆಯ ಮಂಚ ಖಾಲಿಯಿದ್ದರೂ ಮಾರುವುದಿಲ್ಲ. ಕೊನೆಗಳಿಗೆಯಲ್ಲಿ ಕಡಿಮೆ ದರಕ್ಕೆ ಬರುವುದು ಇಬ್ಬರ ಕೋಣೆ. ಮಕ್ಕಳೊಂದಿಗರಿಗೆ ಬೇಕಾದ ಕೋಣೆ ಮೊದಲೇ ಮುಗಿದಿರುತ್ತದೆ.

ನಮ್ಮವರು ಐದು ಜನ. ಇದನ್ನು ಹೇಗೆ ಹಂಚುವುದು ಎಂಬಲ್ಲೇ ಒಂದು ಉಳಿತಾಯವಿದೆ, ಕೇಳಿ. ಲೆಕ್ಕಕ್ಕೆ ಸುಲಭವಾಗಲೆಂದು ಇಬ್ಬರ ದರ ತಲೆಗೆ 1,000 ಡಾಲರ್, ಮೂರನೆಯವರಿಂದಾಚೆಗೆ 500 ಎಂದಿಟ್ಟುಕೊಳ್ಳಿ. ನಾಲ್ವರು ಒಂದು ಕೋಣೆಯಲ್ಲಿ, ಅಮ್ಮ ಒಂದು ಕೋಣೆಯಲ್ಲಿ ಎಂದರೆ ನಾಲ್ವರಿಗೆ 3,000 ಆಗುತ್ತದೆ. ಒಬ್ಬರೇ ಕೋಣೆ ಹಿಡಿದರೆ ಹೆಚ್ಚುಕಡಿಮೆ ಇಬ್ಬರ ದರವನ್ನೇ ಕೇಳುತ್ತಾರೆ, ಅಂದರೆ ಅಮ್ಮನಿಗೇ 2,000. ಒಟ್ಟು 5,000. ಅದೇ ತಂಗಿ, ಯಜಮಾನರು, ಮಗ ಒಂದು ಕೋಣೆ, ಅಜ್ಜಿ ಮೊಮ್ಮಗಳು ಇನ್ನೊಂದು ಕೋಣೆ ಎಂದರೆ 2,500 ಮತ್ತು 2,000, ಒಟ್ಟು 4,500. 500 ಡಾಲರ್ ಉಳಿಯಿತು, ಅಮ್ಮನಿಗೆ ರಾತ್ರಿ ಜೊತೆಯೂ ಆಯಿತು. ಹನ್ನೆರಡು ವರ್ಷದ ಮೊಮ್ಮಗಳಿಗೆ ಅಜ್ಜಿಯ ಗೊರಕೆಯ ಅಭ್ಯಾಸ ಇದ್ದೇ ಇದೆ.

ಆದರೆ ಎರಡು ಕೋಣೆಗಳು ಅಕ್ಕಪಕ್ಕದಲ್ಲಿರಬೇಕು. ಮಂಡಿನೋವಿನ ಅಮ್ಮ ಒಂದು ಅಂತಸ್ತಿನಲ್ಲಿ, ಮಗಳು ನಾಲ್ಕು ಅಂತಸ್ತು ಮೇಲೆ ಎಂದರೆ ಹೋಗಿ ಏನು ಸುಖ? ಅಗ್ಗದ ದರಗಳಲ್ಲಿ 'ಗ್ಯಾರಂಟಿ' ಎಂಬುದೊಂದಿದೆ. ಹೆಸರಿಗೆ ಮೋಸಹೋಗಬೇಡಿ. ಕೋಣೆ ಸಿಗುವುದಷ್ಟೇ ಗ್ಯಾರಂಟಿ, ಯಾವ ಕೋಣೆ ಎಂಬುದನ್ನು ಅವರೇ ಆರಿಸುತ್ತಾರೆ. ಹಿರಿಯರು, ಮಕ್ಕಳಿರುವವರಿಗೆ ಅದು ಹೇಳಿದ್ದಲ್ಲ.

ಹಾಗಾಗಿ ಜುಲೈಯ ಪಯಣಕ್ಕೆ ಹಿಂದಿನ ಆಗಸ್ಟಿನಲ್ಲೇ, ಹನ್ನೊಂದು ತಿಂಗಳು ಮೊದಲೇ ಟಿಕೆಟ್ ತೆಗೆದದ್ದಾಯಿತು. ಹಡಗುಗಳ ವೇಳಾಪಟ್ಟಿ ಒಂದೂವರೆ ಎರಡು ವರ್ಷ ಮೊದಲೇ ಬಂದಿರುತ್ತದೆ.

ಬೇಗ ತೆಗೆದು ಆಮೇಲೆ ದರ ಇಳಿದರೆ? ನೀವು ಕೇಳುವುದು ಸರಿ. ಇಲ್ಲಿಯೇ ಇರುವುದು ಗುಟ್ಟು. ಟಿಕೆಟ್ ತೆಗೆಯುವಾಗ ಪೂರ್ತಿ ಹಣ ಕಟ್ಟುವುದಿಲ್ಲ, ಮುಂಗಡ ಮಾತ್ರ. ಮುಂಗಡದಲ್ಲಿ ವಾಪಸು ಬರುವುದು, ಬಾರದ್ದು ಎಂದು ಎರಡು ಬಗೆ. ಬಾರದ ಬಗೆಯಲ್ಲಿ ದರ ತುಸು ಕಡಿಮೆ ಇರುತ್ತದೆ. ಆ ತುಸುವಿನ ಆಸೆಗೆ ಬೀಳದೆ, ವಾಪಸು ಬರುವ ಬಗೆಯನ್ನೇ ಕೇಳಿ ತೆಗೆಯಿರಿ. ಬಾಕಿ ಹಣ ಕಟ್ಟಲು ಒಂದು ಕೊನೆಯ ದಿನವಿರುತ್ತದೆ. ಬಹಳ ಕಂಪನಿಗಳಲ್ಲಿ ಅದು ಹೊರಡುವುದಕ್ಕೆ ಸುಮಾರು 90 ದಿನ ಮೊದಲು, ಕೆಲವದರಲ್ಲಿ 120 ದಿನ. ಆ ದಿನದ ಒಳಗೆ ನಿಮ್ಮದೇ ಬಗೆಯ ಕೋಣೆಯ ದರ ಇಳಿದರೆ, ಅಮೆರಿಕದಲ್ಲಿ ತೆಗೆದ ಟಿಕೆಟ್ಟುಗಳಿಗೆ ಎಷ್ಟೋ ಕಂಪನಿಗಳು ಹೊಸ ದರ ಹಾಕಿಕೊಡುತ್ತವೆ. ಆದರೆ ತಾವಾಗಿ ಕರೆದು ಹೇಳುವುದಿಲ್ಲ. ನಾವೇ ಕೇಳಬೇಕು. ಈ ಸವಲತ್ತು ಎಲ್ಲ ದೇಶದ ಟಿಕೆಟ್ಟುಗಳಿಗೂ ಒಂದೇ ಸಮ ಇರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ.

ಜನವರಿಯಿಂದ ಮಾರ್ಚಿಯವರೆಗೆ ಹಡಗಿನವರಿಗೆ ಸುಗ್ಗಿ. ಹೊಸ ವರ್ಷದಲ್ಲಿ ಜನ ರಜೆಯ ಯೋಚನೆ ಮಾಡುವ ಕಾಲವಾದ್ದರಿಂದ ಆಗ ಸಾಲುಸಾಲು ರಿಯಾಯಿತಿ ಜಾಹೀರಾತುಗಳು. ಎಲ್ಲವೂ ನಿಜವಾದ ಇಳಿಕೆಯಲ್ಲ. ಕೆಲವು, ಹಡಗಿನಲ್ಲಿ ಖರ್ಚು ಮಾಡಲು ಇಷ್ಟು ಡಾಲರ್ ಕೊಡುತ್ತೇವೆ ಎಂಬಂಥವು. ಸೀರೆಯ ಬೆಲೆ ಏರಿಸಿ ರವಿಕೆ ಕಣ ಉಚಿತ ಎಂದ ಹಾಗೆ. ಅದಕ್ಕೇ ತಂಗಿ ತಾನು ಟಿಕೆಟ್ ತೆಗೆದ ದಿನದ ದರವನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಪ್ರತಿ ಭಾನುವಾರ ಹೋಲಿಸಿ ನೋಡುತ್ತಿದ್ದಳು. ನವೆಂಬರಿನಲ್ಲಿ ದರ ಏರಿತ್ತು. ಜನವರಿಯ ಮೂರನೆಯ ವಾರ ಅವಳು ತೆಗೆದದ್ದಕ್ಕಿಂತಲೂ ಕೆಳಗಿಳಿಯಿತು. ಅವತ್ತೇ ಫೋನ್ ಮಾಡಿ ಕೇಳಿದಳು, ಹೊಸ ದರ ಹಾಕಿಕೊಟ್ಟರು. ಅದೇ ಕೋಣೆಗಳು, ಅದೇ ಅಕ್ಕಪಕ್ಕ. ಯಜಮಾನರು ಆಮೇಲೆ ಆಫೀಸಿನವರ ಕಥೆ ಎತ್ತಲಿಲ್ಲ.

ಇನ್ನು ಟಿಕೆಟ್ ದರವೇ ಪೂರ್ತಿ ಖರ್ಚಲ್ಲ. ಬಂದರಿನ ತೆರಿಗೆ ಸೇರಿದೆಯೇ ಎಂದು ಕೇಳಿ. ಭಕ್ಷೀಸು ಎಂದು ದಿನಕ್ಕೆ ತಲೆಗೆ ಸುಮಾರು 15ರಿಂದ 20 ಡಾಲರ್ ಬಿಲ್ಲಿಗೆ ಹಾಕುವ ಹಡಗುಗಳು ಬಹಳ. ದಿನಕ್ಕೆ 16 ಎಂದರೂ ಐದು ಜನಕ್ಕೆ ಏಳು ದಿನಕ್ಕೆ 560 ಡಾಲರ್! ಮಕ್ಕಳೂ ಲೆಕ್ಕಕ್ಕೆ ಸೇರುತ್ತಾರೆ. ಊಟ ತಿಂಡಿ ದರದಲ್ಲೇ ಸೇರಿರುತ್ತದೆ, ಸಸ್ಯಾಹಾರವೆಂದು ಟಿಕೆಟ್ ತೆಗೆಯುವಾಗಲೇ ಬರೆಸಬೇಕು. ತಂಪು ಪಾನೀಯ, ಇಂಟರ್‌ನೆಟ್ಟು ಬೇರೆ. ಅಮ್ಮ ತಮ್ಮ ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಒಯ್ಯಬಹುದೇ ಎಂದು ಕೇಳಿದರು. ಬಿಸಿಯಾಗುವ ಯಾವ ಸಾಮಾನನ್ನೂ ಹಡಗಿನ ಕೋಣೆಗೆ ಬಿಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ವಿಮಾನ. ಹಡಗು ಒಂದು ಕಡೆಗೆ ಮಾತ್ರ, ಮರಳುವುದು ವಿಮಾನದಲ್ಲೇ. ಕೆಲವು ವಿಮಾನ ಕಂಪನಿಗಳಲ್ಲಿ ಒಂದು ಕಡೆಯ ಟಿಕೆಟ್ಟು ಹೋಗಿಬರುವ ಟಿಕೆಟ್ಟಿನಷ್ಟೇ ದುಬಾರಿ. ಹಡಗಿನಲ್ಲಿ ಉಳಿಸಿದ್ದು ಅಲ್ಲಿ ಕರಗಿಹೋಗಬಹುದು. ಅಮ್ಮನಿಗೆ ನಾವು ಬೆಂಗಳೂರಿನಿಂದ ನ್ಯೂಯಾರ್ಕಿಗೆ ಹೋಗಿ ಲಂಡನ್ನಿನಿಂದ ಬೆಂಗಳೂರಿಗೆ ಮರಳುವಂತೆ ಒಂದೇ ಟಿಕೆಟ್ ವಿಚಾರಿಸಿದ್ದೇವೆ. ಎರಡು ಬಿಡಿ ಟಿಕೆಟ್ಟಿಗಿಂತ ಅದು ಕಡಿಮೆ ಬೀಳುತ್ತದೆ. ಆದರೆ ಹಡಗಿನ ದಿನಾಂಕ ಗಟ್ಟಿಯಾಗುವ ಮೊದಲು ವಿಮಾನದ ಟಿಕೆಟ್ ತೆಗೆಯಬಾರದು.

ಇಲ್ಲಿಂದಲೇ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್-ಮೇ. ಆ ಅಗ್ಗದ, ಜಾಗ ಬದಲಿಸುವ ಹಡಗುಗಳು ಯೂರೋಪಿಗೆ ಬರುವುದೂ ಆಗಲೇ! ಅಮೆರಿಕದ ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ನಮ್ಮ ಮಕ್ಕಳು ಅದರಲ್ಲಿ ಹೋಗಬಹುದು. ಅಮೆರಿಕದ ವೀಸಾ, ಯೂರೋಪಿನ ಷೆಂಗೆನ್ ವೀಸಾ ಎರಡೂ ಬೇಕು. ಷೆಂಗೆನ್‌ಗೆ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಅಕ್ಟೋಬರ್-ನವೆಂಬರಿನ ಮರುಪಯಣ ಇನ್ನೂ ಅಗ್ಗವಿರಬಹುದು. ಆದರೆ ನವೆಂಬರ್ ಕೊನೆಯವರೆಗೆ ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ, ಹೊಟ್ಟೆ ತೊಳಸುವವರು ಯೋಚಿಸಿ. ಒಂದು ವರ್ಷದೊಳಗಿನ ಕೂಸುಗಳನ್ನು ಇಂಥ ದೀರ್ಘ ಪಯಣಕ್ಕೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಬಸುರಿಯರಿಗೆ ಪಯಣ ಮುಗಿಯುವಷ್ಟರಲ್ಲಿ 24ನೆಯ ವಾರ ತುಂಬುವಂತಿದ್ದರೆ ಅವರನ್ನೂ ಇಲ್ಲ. ಒಂದು ವರ್ಷ ಮೊದಲೇ ಟಿಕೆಟ್ ತೆಗೆಯುವ ಎಳೆಯ ದಂಪತಿಗಳು ಇದನ್ನು ನೆನಪಿಡಬೇಕು.

ನಮಗೆ ಉಳಿದಿರುವ ಚಿಂತೆ ಅಮ್ಮನ ವೀಸಾ. ಅಮೆರಿಕದ್ದು ಹತ್ತು ವರ್ಷದ್ದು ಮೊದಲೇ ಇದೆ. ಇಂಗ್ಲೆಂಡಿನದು ಆಗಬೇಕು. ಅದಕ್ಕೆ ಪ್ರಯಾಣಕ್ಕೆ ಮೂರು ತಿಂಗಳಿರುವಾಗಷ್ಟೇ ಅರ್ಜಿ ಹಾಕಬಹುದು. ಹಡಗಿಗೆ ಪೂರ್ತಿ ಹಣ ಕಟ್ಟುವ ಕೊನೆಯ ದಿನವೂ ಸರಿಯಾಗಿ ಆಗಲೇ ಬರುತ್ತದೆ. ಅಂದರೆ ವೀಸಾ ಕೈಗೆ ಬರುವ ಮೊದಲೇ ಹಣ ಕಟ್ಟಬೇಕು! ಸಾಧಾರಣ ಪ್ರಯಾಣ ವಿಮೆ ವೀಸಾ ಸಿಗದಿದ್ದಕ್ಕೆ ಹಣ ಕೊಡುವುದಿಲ್ಲ.

ತಂಗಿಯೂ ನಾನೂ ನಿಯಮಗಳ ಹಾಳೆಯನ್ನು ಕೂತು ಓದಿದೆವು. ಕೊನೆಯ ದಿನ ದಾಟಿದೊಡನೆ ಹಣವೆಲ್ಲ ಹೋಗುವುದಿಲ್ಲ. ಮೊದಮೊದಲು ರದ್ದು ಮಾಡಿದರೆ ಒಂದು ಪಾಲು ಕಡಿತ, ಹೊರಡುವ ದಿನ ಹತ್ತಿರವಾದಂತೆ ಕಡಿತ ಹೆಚ್ಚುತ್ತ ಹೋಗಿ ಕೊನೆಕೊನೆಗೆ ಪೂರ್ತಿ ಹೋಗುತ್ತದೆ. ಇಂಗ್ಲೆಂಡಿನ ವೀಸಾ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಆದ್ದರಿಂದ ಅರ್ಜಿಯ ಮೊದಲ ದಿನವೇ ಹಾಕಿಬಿಟ್ಟರೆ, ಇಲ್ಲವೆಂದರೂ ನಷ್ಟ ಒಂದು ಪಾಲಿಗೇ ನಿಲ್ಲುತ್ತದೆ. ಆ ಪಾಲು ನನ್ನದಿರಲಿ ಎಂದು ತಮ್ಮ ಒಪ್ಪಿಕೊಂಡಿದ್ದಾನೆ. ವಿಮಾನದ ಟಿಕೆಟ್ ವೀಸಾ ಬಂದ ಮೇಲೆಯೇ.

ಏಪ್ರಿಲ್ 10ಕ್ಕೆ ಅರ್ಜಿ. ಅಮ್ಮನ ಬ್ಯಾಂಕಿನ ಪಾಸ್‌ಬುಕ್ಕು, ಪಿಂಚಣಿ ಕಾಗದ, ಮನೆಯ ಕಂದಾಯದ ರಸೀದಿ ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ಅಮ್ಮ ಮಾತ್ರ ದಿನಕ್ಕೊಂದು ಸಲ ಕೇಳುತ್ತಾರೆ, "ಏನೇ, ಹಡಗಿನಲ್ಲಿ ಮೊಸರು ಕೊಡ್ತಾರೇನೇ?"