ಹೂ ಕೀಳುವ ಕೈ, ಹಾಲು ಕರೆಯುವ ಕೈ

ಮುಂಗಾರು ಹಿಡಿಯಿತೆಂದರೆ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ಹೆದ್ದಾರಿಯ ಇಕ್ಕೆಲದ ಹೊಲಗಳಲ್ಲಿ ಚೆಂಡುಹೂವು ಅರಳುತ್ತದೆ. ನೋಡಲು, ಪಟ ತೆಗೆಸಿಕೊಳ್ಳಲು ಕೇರಳದಿಂದ ಜನ ಬರುತ್ತಾರೆ. ಹೂವಿನ ಒಂದು ಪಾಲು ಓಣಂ ಮಾರುಕಟ್ಟೆಗೆ, ಇನ್ನೊಂದು ಪಾಲು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಎಲ್ಲಿಗೇ ಹೋಗಲಿ, ಅದನ್ನು ಕೀಳುವುದು ಕೈಯೇ, ಹೆಚ್ಚಾಗಿ ಹೆಂಗಸರ ಕೈ. ಪ್ರತಿ ಹೂವಿಗೂ ಹೆಬ್ಬೆರಳು ತೋರುಬೆರಳಿನ ಮೇಲೆ ಒತ್ತಬೇಕು, ಮಣಿಕಟ್ಟು ಕಿರುಬೆರಳಿನ ಕಡೆಗೆ ವಾಲಬೇಕು, ತೊಟ್ಟು ಮುರಿಯಬೇಕು. ಅದೇ ಕೈ ಬೆಳಗಾಗುವ ಮೊದಲೇ ಹಸುವಿನ ಹಾಲು ಕರೆದಿರುತ್ತದೆ, ಮುದ್ದೆ ತಿರುವಿರುತ್ತದೆ, ಬಟ್ಟೆ ಹಿಂಡಿರುತ್ತದೆ. ಸಂಜೆ ಮತ್ತೆ ಕೊಟ್ಟಿಗೆಗೆ ಹೋಗುತ್ತದೆ. ಈ ಕೈಗೆ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ ನೋವು ಬಂದಾಗ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ: ಕೆಲಸ ಬಿಟ್ಟು ಕೂರು, ಇಲ್ಲವೇ ಮಾತ್ರೆ ನುಂಗಿ ದುಡಿ. ಎರಡೂ ಸಾಲದು ಎಂಬುದು ಈ ಅಧ್ಯಾಯದ ವಾದ. ಕೈಯ ಮೇಲೆ ಬೀಳುವ ಭಾರವನ್ನು ಅಳೆದು ಹಂಚಬೇಕು, ಆ ಭಾರ ಹೊರುವ ಶಕ್ತಿಯನ್ನು ಕೈಗೆ ನಿಧಾನವಾಗಿ ಕಟ್ಟಿಕೊಡಬೇಕು. ಫಿಸಿಯೋಥೆರಪಿ ಮಾಡುವುದು ಇದನ್ನೇ.

ಮೊದಲು ನೋವು ಹುಟ್ಟುವ ಜಾಗ ನೋಡೋಣ. ಹೆಬ್ಬೆರಳನ್ನು ಅಗಲಿಸುವ, ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ, ಮೂಳೆಗೆ ಅಂಟಿದಂತಿರುವ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಹಾದು ಹೋಗುತ್ತವೆ. ಹೆಬ್ಬೆರಳು ಒತ್ತಿರುವಾಗಲೇ ಮಣಿಕಟ್ಟು ಕಿರುಬೆರಳ ಕಡೆಗೆ ವಾಲಿದರೆ ರಜ್ಜುಗಳು ಆ ಕೊಳವೆಯ ಅಂಚಿಗೆ ಬಾಗಿ ಉಜ್ಜುತ್ತವೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಈ ಬೇನೆಗೆ ಅವನ ಹೆಸರೇ ನಿಂತಿದೆ. ಬಹಳ ಕಾಲ ಇದನ್ನು ಉರಿಯೂತ ಎಂದೇ ತಿಳಿಯಲಾಗಿತ್ತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕೊಳವೆಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಬೇರೆ: ಉರಿಯೂತದ ಕಣಗಳು ಅಷ್ಟಾಗಿ ಇರಲಿಲ್ಲ, ಕೊಳವೆಯ ಗೋಡೆಯೇ ದಪ್ಪಗಾಗಿ ಅದರ ನಾರಿನ ಹೆಣಿಗೆ ಕೆಟ್ಟಿತ್ತು. ಈ ಒಂದು ಸಂಗತಿ ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತದೆ. ನೋವಿನ ಮಾತ್ರೆ ನೋವನ್ನು ತಗ್ಗಿಸೀತು, ದಪ್ಪಗಾದ ಗೋಡೆಯನ್ನು ತೆಳುವಾಗಿಸದು. ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರು ಇಂಥ ಮಾತ್ರೆಯನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಹಾಗಾದರೆ ಪಟ್ಟಿ ಕಟ್ಟಿ ಕೈಗೆ ವಿಶ್ರಾಂತಿ ಕೊಟ್ಟರೆ ಸಾಲದೇ? ಇಲ್ಲಿ ಸಾಕ್ಷ್ಯ ಫಿಸಿಯೋಥೆರಪಿಯ ಪರ ವಾದಿಸುವವರಿಗೂ ಮುಜುಗರ ತರುವಂಥದ್ದು, ಅದನ್ನು ಮುಚ್ಚಿಡಬಾರದು. ಈ ಬೇನೆಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದಿನ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿದ 2009ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಒಂದೇ ಪ್ರಯೋಗ, ಅದರಲ್ಲಿದ್ದವರು 18 ಮಂದಿ ಗರ್ಭಿಣಿಯರು ಮತ್ತು ಬಾಣಂತಿಯರು. ಚುಚ್ಚುಮದ್ದು ಪಡೆದ 9 ಮಂದಿಯ ನೋವೂ ಹೋಯಿತು. ಬರೀ ಪಟ್ಟಿ ಕಟ್ಟಿಕೊಂಡ 9 ಮಂದಿಯಲ್ಲಿ ಒಬ್ಬರಿಗೂ ಪೂರ್ತಿ ವಾಸಿಯಾಗಲಿಲ್ಲ. ಪ್ರಯೋಗ ತೀರಾ ಚಿಕ್ಕದು, ಆದರೆ ಅದರ ಫಲಿತಾಂಶ ತಳ್ಳಿಹಾಕುವಂಥದ್ದಲ್ಲ. ಚುಚ್ಚುಮದ್ದು ಕೆಲಸ ಮಾಡುತ್ತದೆ ಎಂದು ಒಪ್ಪಲೇಬೇಕು. ಆದರೆ ಆ ಪ್ರಯೋಗ ತೋರಿಸುವ ಇನ್ನೊಂದು ಮಾತನ್ನೂ ಕೇಳಬೇಕು: ಕೈಯನ್ನು ಕಟ್ಟಿ ಸುಮ್ಮನಿರಿಸುವುದಷ್ಟೇ ಚಿಕಿತ್ಸೆಯಲ್ಲ. ಪಟ್ಟಿ ಬೇಕಾಗುವುದು ನೋವು ತೀರಾ ಜೋರಾಗಿರುವ ಮೊದಲ ಒಂದೆರಡು ವಾರಕ್ಕೆ, ಅದೂ ಭಾರದ ಕೆಲಸ ಮಾಡುವ ಹೊತ್ತಿನಲ್ಲಿ. ಚುಚ್ಚುಮದ್ದು ಬೇಕಾದಾಗ ಪಡೆಯಲಿ. ಮಧುಮೇಹವಿದ್ದವರಿಗೆ ಕೆಲ ದಿನ ಸಕ್ಕರೆ ಏರುವುದನ್ನೂ, ಚುಚ್ಚಿದ ಜಾಗದ ಚರ್ಮ ಬೆಳ್ಳಗಾಗಬಹುದು ಎಂಬುದನ್ನೂ ಮೊದಲೇ ತಿಳಿದಿರಲಿ. ನೋವಿಲ್ಲದ ಆ ಕೆಲವು ವಾರಗಳಲ್ಲಿ ಕೈಗೆ ಶಕ್ತಿ ಕಟ್ಟದೆ, ಕೆಲಸದ ರೀತಿ ಬದಲಿಸದೆ ಮತ್ತೆ ಅದೇ ಸಾಲಿಗೆ ಇಳಿದರೆ ನೋವು ಮರಳಲು ಎಲ್ಲ ಕಾರಣವೂ ಅಲ್ಲೇ ಕಾದಿರುತ್ತದೆ.

ನೋಯುವ ಕೈಗೆ ವ್ಯಾಯಾಮ ಕೊಟ್ಟರೆ ಇನ್ನಷ್ಟು ಸವೆಯದೇ ಎಂಬುದು ನ್ಯಾಯವಾದ ಅಂಜಿಕೆ. ಕೀಲುಗಳನ್ನೇ ತಿನ್ನುವ ರುಮಟಾಯ್ಡ್ ಸಂಧಿವಾತದಲ್ಲಿ ಈ ಅಂಜಿಕೆಗೆ ಕಾರಣ ಎಲ್ಲಕ್ಕಿಂತ ಹೆಚ್ಚು. ಬ್ರಿಟನ್ನಿನಲ್ಲಿ ಅಂಥ 490 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾಮೂಲು ಆರೈಕೆಯ ಜೊತೆಗೆ ಬೆರಳು–ಮಣಿಕಟ್ಟುಗಳಿಗೆ ಹಂತಹಂತವಾಗಿ ಬಲ ಕೊಡುವ ವ್ಯಾಯಾಮ ಮಾಡಿದವರ ಕೈ ವರ್ಷದ ಕೊನೆಗೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಸುಧಾರಿಸಿತ್ತು, ವ್ಯಾಯಾಮದಿಂದ ಕೇಡಾಗಲಿಲ್ಲ. ಅಳತೆ ತಪ್ಪಿದ ಭಾರ ಬೇರೆ, ಅಳತೆಯ ಭಾರ ಬೇರೆ. ಹೆಬ್ಬೆರಳ ಬುಡದ ನೋವಿಗೆ ಆರಂಭ ಇಷ್ಟೇ: ಮುಂಗೈಯನ್ನು ತೊಡೆಯ ಮೇಲಿಟ್ಟು, ಹೆಬ್ಬೆರಳನ್ನು ಹೊರಕ್ಕೆ ಅಗಲಿಸಲು ಯತ್ನಿಸುತ್ತಾ ಇನ್ನೊಂದು ಕೈಯಿಂದ ಅದನ್ನು ಅಲುಗದಂತೆ ತಡೆಯುವುದು. ಮೂವತ್ತು ಸೆಕೆಂಡು ಒತ್ತಡ, ನಿಮಿಷ ಬಿಡುವು, ಹೀಗೆ ನಾಲ್ಕೈದು ಸಲ. ಒಂದೆರಡು ವಾರ ಕಳೆದ ಮೇಲೆ ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು. ಆಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸುವುದು. ಅಳತೆಗೋಲು ಮರುದಿನದ ಬೆಳಗು. ಮಾಡುವಾಗ ಸ್ವಲ್ಪ ನೋವಾದರೂ ಬೆಳಿಗ್ಗೆಗೆ ಮೊದಲಿನಷ್ಟೇ ಇದ್ದರೆ ಮುಂದುವರಿಯಬಹುದು, ಹೆಚ್ಚಾಗಿದ್ದರೆ ಭಾರ ಇಳಿಸಬೇಕು. ಕೈ ನೋವು ಎಂದವರಿಗೆಲ್ಲ ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳುವ ರೂಢಿಯೊಂದಿದೆ. ದಿನವಿಡೀ ಹಿಸುಕಿಯೇ ಸೋತ ಕೈಗೆ ಮತ್ತೆ ಹಿಸುಕುವ ಕೆಲಸ ಕೊಡುವುದು ಸರಿಯಲ್ಲ.

ಕೆಲಸದ ರೀತಿ ಬದಲಿಸುವ ಮಾತಿಗೆ ಹಾಲು ಕರೆಯುವುದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹೆಬ್ಬೆರಳನ್ನು ಒಳಕ್ಕೆ ಮಡಿಸಿ ಅದರ ಗೆಣ್ಣಿನಿಂದ ಮೊಲೆತೊಟ್ಟನ್ನು ಒತ್ತಿ ಕರೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ತೊಟ್ಟಿನ ಒಳಪದರಕ್ಕೆ ಗಾಯವಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆಂದು ಪಶುವೈದ್ಯರು ಇದನ್ನು ಬೇಡವೆನ್ನುತ್ತಾರೆ. ಇಡೀ ಮುಷ್ಟಿಯಲ್ಲಿ ಹಿಡಿದು, ಮೇಲಿನ ಬೆರಳಿನಿಂದ ಕೆಳಗಿನದಕ್ಕೆ ಒತ್ತುತ್ತಾ ಬರಲು ಹೇಳುತ್ತಾರೆ. ಹಸುವಿಗೆ ಹಿತವಾದದ್ದೇ ಹೆಬ್ಬೆರಳಿಗೂ ಹಿತ, ಏಕೆಂದರೆ ಮಡಿಸಿದ ಹೆಬ್ಬೆರಳಿನ ಮೇಲೆ ಬೀಳುತ್ತಿದ್ದ ಒತ್ತಡ ನಾಲ್ಕು ಬೆರಳಿಗೆ ಹಂಚಿಹೋಗುತ್ತದೆ. ತೊಟ್ಟು ತೀರಾ ಗಿಡ್ಡವಾಗಿರುವ ಹಸುವಿಗೆ ಈ ಕ್ರಮ ನಡೆಯದು ನಿಜ. ಅಲ್ಲಿ ಮನೆಯ ಇನ್ನೊಬ್ಬರು ಒಂದು ಹೊತ್ತಿನ ಹಾಲು ಕರೆಯುವುದೇ ದಾರಿ. ಮನೆಯ ಗಂಡಸರು ಈ ಪಾಲನ್ನು ಹೊರುವುದು ಉಪಕಾರವಲ್ಲ, ಚಿಕಿತ್ಸೆಯ ಭಾಗ. ಹೂವಿನ ಹೊಲದಲ್ಲೂ ಹೀಗೆಯೇ: ಸಾಲಿಗೊಮ್ಮೆ ಕೈ ಬದಲಿಸುವುದು, ಗಿಡಕ್ಕೆ ಹತ್ತಿರ ನಿಂತು ಮಣಿಕಟ್ಟು ನೇರವಿಟ್ಟು ಕೀಳುವುದು, ತುಂಬಿದ ಚೀಲವನ್ನು ಹೆಬ್ಬೆರಳಿನಲ್ಲಿ ಚಿವುಟಿ ಎತ್ತದೆ ಅಂಗೈ ಕೊಟ್ಟು ಎತ್ತುವುದು. ಕೂಲಿಯವರಿಗೆ ಇಷ್ಟೆಲ್ಲ ಪುರುಸೊತ್ತು ಎಲ್ಲಿ ಎಂದು ಕೇಳಬಹುದು. ಕೆಲಸ ಬಿಡು ಎನ್ನುವ ಸಲಹೆಗೆ ಹೋಲಿಸಿದರೆ ಇದರಲ್ಲಿ ಕೂಲಿ ಉಳಿಯುತ್ತದೆ. ಇದರಲ್ಲಿ ಹೊಲದೊಡೆಯನ ಪಾಲೂ ಇದೆ, ಚಿಕ್ಕ ಚೀಲ ಕೊಟ್ಟು ನಡುವೆ ಬಿಡುವು ಬಿಡುವುದು ಅವನ ಕೈಯಲ್ಲಿದೆ.

ಆದರೆ ಕೈ ನೋವೆಲ್ಲ ಇದೊಂದೇ ಅಲ್ಲ, ಜಾಗ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ರಾತ್ರಿ ಜೋಮು ಹಿಡಿದು ಎಚ್ಚರವಾಗಿ ಕೈ ಕೊಡವಬೇಕಾಗುವುದು, ಹೆಬ್ಬೆರಳಿನಿಂದ ಉಂಗುರಬೆರಳ ಅರ್ಧದವರೆಗೆ ಮರಗಟ್ಟುವುದು, ಇವು ಅಂಗೈ ಬುಡದ ಸುರಂಗದಲ್ಲಿ ಒಂಬತ್ತು ರಜ್ಜುಗಳ ಜೊತೆ ಹಾಯುವ ನರವೊಂದು ಒತ್ತಿಹೋಗಿರುವುದರ ಗುರುತು. ಅದಕ್ಕೆ ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯೇ ಮೊದಲ ಮದ್ದು. ಸ್ಪೇನಿನಲ್ಲಿ 100 ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕತ್ತಿನಿಂದ ಕೈವರೆಗೆ ಕೊಟ್ಟ ಫಿಸಿಯೋಥೆರಪಿ ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಷ್ಟೇ ಫಲ ಕೊಟ್ಟಿತು. ಇದಕ್ಕೆದುರಾಗಿ 2002ರ ಡಚ್ ಪ್ರಯೋಗದಲ್ಲಿ 18 ತಿಂಗಳ ಹೊತ್ತಿಗೆ ಶಸ್ತ್ರಚಿಕಿತ್ಸೆಯಿಂದ ನೂರಕ್ಕೆ 90 ಮಂದಿಗೆ, ಬರೀ ಪಟ್ಟಿಯಿಂದ 75 ಮಂದಿಗೆ ಗುಣವಾಗಿತ್ತು. ಹೆಬ್ಬೆರಳ ಬುಡದ ಮಾಂಸ ಕರಗಿ ಚಪ್ಪಟೆಯಾಗಿದ್ದರೆ ಕಾಯುವುದು ತಪ್ಪು, ಶಸ್ತ್ರವೈದ್ಯರನ್ನೇ ಕಾಣಬೇಕು. ಬೆಳಿಗ್ಗೆ ಗಂಟೆಗಟ್ಟಲೆ ಎರಡೂ ಕೈಗಳ ಗೆಣ್ಣು ಬಿಗಿದು ಊದಿದರೆ ಸಂಧಿವಾತದ ರಕ್ತಪರೀಕ್ಷೆ ಬೇಕು. ಸ್ಪರ್ಶ ತಿಳಿಯದ ಮಚ್ಚೆಯ ಜೊತೆ ಕಿರುಬೆರಳು ಮಡಚಿಕೊಳ್ಳತೊಡಗಿದರೆ ಕುಷ್ಠದ ತಪಾಸಣೆ ಬೇಕು. ಬೇಗ ಹಿಡಿದರೆ ಬೆರಳು ಉಳಿಯುತ್ತದೆ. ಲಂಟಾನ ಕಡಿಯುವಾಗ ಚುಚ್ಚಿದ ಮುಳ್ಳಿನಿಂದ ಬೆರಳು ಊದಿ, ನೀಳ ಮಾಡಲಾಗದಷ್ಟು ನೋವಾದರೆ ಅಂದೇ ಆಸ್ಪತ್ರೆ. ಅಂಗೈ ಊರಿ ಬಿದ್ದ ಮೇಲೆ ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದರೆ ನೋವಿದ್ದಾಗ ಉಳುಕು ತೆಗೆಯುವವರ ಬಳಿ ಎಳೆಸಬಾರದು. ಅಲ್ಲಿನ ಚಿಕ್ಕ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, ಹತ್ತು ಹದಿನಾಲ್ಕು ದಿನದ ಮೇಲೆ ಕಾಣುವುದುಂಟು. ಬರೀ ದಣಿದ ಕೈಗೆ ಎಣ್ಣೆ ನೀವಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಕಾಡಂಚಿನ ಊರಿನಿಂದ ಫಿಸಿಯೋಥೆರಪಿಸ್ಟ್ ದೂರ ಎಂಬುದು ಕಡೆಯ ಆಕ್ಷೇಪಣೆ, ಮತ್ತು ಅದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರ್. 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದ ಚಾಮರಾಜನಗರ ಅದಕ್ಕಿಂತ ಹತ್ತಿರ, ಆದರೂ ಒಂದು ದಿನದ ಕೂಲಿ ಹೋಗುತ್ತದೆ. ವಾರಕ್ಕೆ ಮೂರು ಸಲ ಬಂದು ಯಂತ್ರದ ಶಾಖ ಕೊಡಿಸಿಕೊಂಡು ಹೋಗಿ ಎನ್ನುವ ಚಿಕಿತ್ಸೆ ಇಂಥ ಕಡೆ ನಡೆಯದು, ನಡೆಯಲೂ ಬೇಕಿಲ್ಲ. ಹೆಬ್ಬೆರಳ ಬುಡದ ನೋವಿನಲ್ಲಿ ಗುಣ ತರುವ ಕೆಲಸ ಶಾಖದ್ದಲ್ಲ. ಒಮ್ಮೆ ಹೋಗಿ ಸರಿಯಾದ ಪತ್ತೆ, ಕಲಿತು ಬರುವ ನಾಲ್ಕು ವ್ಯಾಯಾಮ, ತಿಂಗಳ ಮೇಲೆ ಮತ್ತೊಂದು ಭೇಟಿ, ಇಷ್ಟನ್ನೇ ಕೇಳಿ ಪಡೆಯಬೇಕು. ಆರು ವಾರದಲ್ಲಿ ಏನೂ ಇಳಿಯದಿದ್ದರೆ ಚುಚ್ಚುಮದ್ದಿನ ಮಾತು, ಅದೂ ಫಲಿಸದಿದ್ದರೆ ಆ ಕೊಳವೆಯನ್ನು ಸೀಳಿ ಸಡಿಲಿಸುವ ಚಿಕ್ಕ ಶಸ್ತ್ರಚಿಕಿತ್ಸೆ. ರಜ್ಜುಗಳು ಭಾರಕ್ಕೆ ಒಗ್ಗಲು ವಾರಗಳೇ ಬೇಕು. ಆದ್ದರಿಂದ ಕಳೆದ ಹಂಗಾಮಿನಲ್ಲಿ ಕೈ ನೊಂದವರು ಹೂವು ಬಿಡುವವರೆಗೆ ಕಾಯದೆ, ಬಿತ್ತನೆಯ ದಿನಗಳಲ್ಲೇ ರಬ್ಬರ್ ಬ್ಯಾಂಡಿನ ವ್ಯಾಯಾಮ ಶುರುಮಾಡಬೇಕು. ಕೊಯ್ಲಿನ ಮೊದಲ ವಾರ ಅರ್ಧ ದಿನ ಹೂವು ಕಿತ್ತು, ಉಳಿದ ಅರ್ಧ ದಿನ ಬೇರೆ ಕೆಲಸಕ್ಕೆ ಹೋಗಲಿ.